ಪ್ರೇಯರ್ ಪ್ಲಾಂಟ್ ರಿಪೇರಿ: ಸಂಜೆ ಏಳದ ಎಲೆ, ಕೊಳೆತ ಬೇರು, ಸಣ್ಣ ಕುಂಡ

ನನ್ನ ಪ್ರೇಯರ್ ಪ್ಲಾಂಟ್, ಅಂದರೆ ಕೆಂಪು ನರದ ಮರಾಂಟಾ, ಈಗ ತೇವದ ಡಬ್ಬಿಯಿಂದ ಹೊರಗೆ ಬಂದಿದೆ. ಹೊಸ ಸುಳಿ ಸಲೀಸಾಗಿ ಬಿಚ್ಚಿಕೊಳ್ಳುತ್ತಿದೆ, ಸಂಜೆಯಾದರೆ ಎಲೆಗಳು ಏಳುತ್ತಿವೆ. ರಿಪೇರಿ ಬಹುಪಾಲು ಮುಗಿದ ಹಾಗೆಯೇ. ಮಾಡಿದ ಕೆಲಸ, ಹಿಡಿದ ಅಳತೆ, ಕೈಕೊಟ್ಟ ಪ್ರಯತ್ನ ಎಲ್ಲವನ್ನೂ ಅದೇ ಸಾಲಿನಲ್ಲಿ ಬರೆದಿಡುತ್ತಿದ್ದೇನೆ. ಮನೆಯೊಳಗೆ ಈ ಗಿಡ ಸೊರಗಿ ಕೂತಿದ್ದರೆ ನಿಮಗೂ ಉಪಯೋಗಕ್ಕೆ ಬರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಿಡದಲ್ಲಿ ಎಲೆಯ ಬಣ್ಣ ನೋಡಿಕೊಂಡು ಕೂತರೆ ತಡವಾಗುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಕೆಳಗೆ ಬೇರು ಅರ್ಧ ಹೋಗಿರುತ್ತದೆ. ಅದಕ್ಕಿಂತ ಎಷ್ಟೋ ಮುಂಚೆ ಸುಳಿವು ಕೊಡುವುದು ಸಂಜೆ ಎಲೆ ಎಷ್ಟು ಏಳುತ್ತದೆ ಅನ್ನುವುದು. ಈ ಇಡೀ ಕೆಲಸದಲ್ಲಿ ನಾನು ನಂಬಿದ ಅಳತೆ ಅದೊಂದೇ.

ಹಂತ 1: ಗಿಡದ ಹಿಂದೆ ಒಂದು ಸ್ಕೇಲು

ಗಿಡದ ಹಿಂದಿನ ಗೋಡೆಗೆ 30 ಸೆಂ.ಮೀ. ಸ್ಕೇಲನ್ನು ನೆಟ್ಟಗೆ ಅಂಟಿಸಿದೆ. ಎದುರಿನ ಶೆಲ್ಫಿನಲ್ಲಿ ಫೋನ್ ಇಡುವ ಜಾಗಕ್ಕೆ ಟೇಪಿನ ಗುರುತು ಹಾಕಿಕೊಂಡೆ. ಬೆಳಗ್ಗೆ 10ಕ್ಕೆ ಒಂದು ಫೋಟೊ, ರಾತ್ರಿ 9ಕ್ಕೆ ಒಂದು. ಅದೇ ಎಲೆಯನ್ನು ಮತ್ತೆ ಮತ್ತೆ ಅಳೆಯಬೇಕಲ್ಲ, ಅದಕ್ಕೆ ಅದರ ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಿದೆ.

ಚೆನ್ನಾಗಿರುವ ಗಿಡದಲ್ಲಿ ಹಗಲು ಚಪ್ಪಟೆಯಾಗಿ ಮಲಗಿರುವ ಎಲೆ ರಾತ್ರಿಗೆ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುತ್ತದೆ. ನನ್ನ ಗಿಡದಲ್ಲಿ ತುದಿ 2 ಸೆಂ.ಮೀ. ಕೂಡ ಏಳುತ್ತಿರಲಿಲ್ಲ.

ತೊಟ್ಟು ಎಲೆಗೆ ಸೇರುವ ಜಾಗವನ್ನು ಹತ್ತಿರದಿಂದ ನೋಡಿ. ಅಲ್ಲಿ ಒಂದು ಸಣ್ಣ ಗಂಟು ಇದೆ. ಉದ್ದ 1 ಸೆಂ.ಮೀ. ಆಸುಪಾಸು, ತೊಟ್ಟಿಗಿಂತ ತುಸು ದಪ್ಪ, ನುಣುಪು. ಎಲೆ ಬಾಗುವುದೂ ಏಳುವುದೂ ಅಲ್ಲೇ. ಗಂಟಿನ ಒಂದು ಬದಿಯ ಕೋಶಗಳಿಗೆ ನೀರು ತುಂಬುತ್ತದೆ, ಇನ್ನೊಂದು ಬದಿಯವು ಸಡಿಲವಾಗುತ್ತವೆ. ಪೊಟ್ಯಾಸಿಯಂ ಯಾವ ಕಡೆ ಸರಿಯುತ್ತದೋ ನೀರೂ ಆ ಕಡೆಗೇ. ಪೂರ್ತಿ ನೀರಿನ ಒತ್ತಡದ ಮೇಲೆ ನಡೆಯುವ ಕೆಲಸ ಇದು. ಬೇರು ನೀರು ಎತ್ತಿಕೊಡದಿದ್ದರೆ ಗಂಟಿಗೆ ಬಲ ಎಲ್ಲಿಂದ ಬರಬೇಕು?

ಎಲೆ ಏಳದಿರುವುದಕ್ಕೆ ಬೇರೆ ಕಾರಣಗಳೂ ಉಂಟು. ಗಿಡ ತೀರಾ ಕತ್ತಲ ಮೂಲೆಯಲ್ಲಿದ್ದರೆ ಚಲನೆ ಮಂದವಾಗುತ್ತದೆ. ರಾತ್ರಿ ಬಹಳ ಹೊತ್ತು ದೀಪ ಉರಿಯುತ್ತಿದ್ದರೆ ಹೊತ್ತು ತಪ್ಪುತ್ತದೆ. ಹಳೇ ಎಲೆಗಳು ಹೇಗೂ ಕಮ್ಮಿ ಏಳುತ್ತವೆ. ಅದಕ್ಕೇ ಗುರುತಿನ ದಾರವನ್ನು ನಡುಪ್ರಾಯದ ಎಲೆಗೆ ಕಟ್ಟಿ, ಕೆಲವು ದಿನ ರಾತ್ರಿ 8ಕ್ಕೆಲ್ಲ ಕೋಣೆಯ ದೀಪ ಆರಿಸಿ ನೋಡಿದೆ. ಏನೂ ಬದಲಾಗಲಿಲ್ಲ.

ಜೊತೆಗೆ ಇನ್ನೊಂದು ಲಕ್ಷಣ ಇತ್ತು. ಮಟಮಟ ಹಗಲಲ್ಲೇ ಎಲೆಯ ಅಂಚು ಉದ್ದಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮಣ್ಣು ಒಣಗಿ ಎಲೆ ಸುರುಳಿ ಸುತ್ತಿದರೆ ನೀರು ಕೊಡಿ, ಸಂಜೆಯೊಳಗೆ ಸರಿಯಾಗುತ್ತದೆ. ಮಣ್ಣು ಒದ್ದೆ ಇದ್ದೂ ಸುರುಳಿ ಸುತ್ತಿದರೆ ಮತ್ತೆ ನೀರು ಹಾಕಬೇಡಿ, ಕುಂಡ ಬಿಚ್ಚಿ. ನನ್ನದು ಎರಡನೇ ಬಗೆ.

ಹಂತ 2: ಕುಂಡ ಬಿಚ್ಚಿದಾಗ ಕಂಡದ್ದು

ಮರಾಂಟಾದ ಕಾಂಡ ಮೆದು. ಹಿಡಿದು ಎಳೆದರೆ ಬುಡದಲ್ಲೇ ಮುರಿಯುತ್ತದೆ. ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ಅಂಗೈಯಿಂದ ತಟ್ಟಿ, ಒಳಗೋಡೆಗುಂಟ ತೆಳು ಚಾಕು ಆಡಿಸಿ ಹೊರಗೆ ತೆಗೆದೆ. ತಳದಿಂದ ಕೊಳಚೆ ವಾಸನೆ ಬಂತು.

ತಳದಲ್ಲಿ 3 ಸೆಂ.ಮೀ. ಜಲ್ಲಿಕಲ್ಲು. ನೀರು ಬಸಿದು ಹೋಗಲಿ ಅಂತ ಹಾಕುವ ಈ ಪದರ ಮಾಡುವುದು ಉಲ್ಟಾ ಕೆಲಸ. ಮೇಲಿನ ಸಣ್ಣ ಕಣದ ಮಣ್ಣು ಪೂರ್ತಿ ನೀರು ಕುಡಿದು ತುಂಬಿಕೊಳ್ಳುವವರೆಗೆ ನೀರು ಕಲ್ಲಿಗೆ ಇಳಿಯುವುದೇ ಇಲ್ಲ. ಜಲ್ಲಿಯ ನೆತ್ತಿಯ ಮೇಲೆ ಒದ್ದೆ ಪಟ್ಟಿಯೊಂದು ಸದಾ ನಿಂತಿರುತ್ತದೆ. ಕಲ್ಲು 3 ಸೆಂ.ಮೀ. ಇದ್ದರೆ ಆ ಪಟ್ಟಿ ಬೇರಿಗೆ 3 ಸೆಂ.ಮೀ. ಹತ್ತಿರ ಬಂತು ಅಂತಲೇ ಲೆಕ್ಕ. ಕೊಳೆತ ಬೇರೆಲ್ಲ ಸರಿಯಾಗಿ ಅದೇ ಮಟ್ಟದಲ್ಲಿತ್ತು.

ಎರಡನೆಯದು ಇನ್ನೂ ಒಳಗಿತ್ತು. ಬೇರಿನ ಮುದ್ದೆಯ ನಡುವೆ, ಬುಡದ ಕೆಳಗೇ, ನರ್ಸರಿಯ ಬಟ್ಟೆಬಲೆಯ ಚೀಲ. ಹೆಬ್ಬೆರಳಿನಷ್ಟು ದಪ್ಪ. ಸಸಿಗೆ ಬೇರು ಬರಿಸುವಾಗ ಹಾಕಿದ್ದು ಹಾಗೇ ಉಳಿದಿದೆ. ಅದರೊಳಗಿನ ಮಣ್ಣು ಬಿಗಿಯಾಗಿ ಸೇರಿಕೊಂಡು ಸುತ್ತಲಿನ ಮಣ್ಣಿಗಿಂತ ಹೆಚ್ಚು ಒದ್ದೆ ಇತ್ತು. ಬೆರಳು ಇಟ್ಟು ತೇವ ನೋಡುವಾಗ ಇದು ತಿಳಿಯುವುದೇ ಇಲ್ಲ. ಮೇಲಿನ ಮಣ್ಣು ಒಣಗಿದೆ ಅನಿಸುತ್ತದೆ, ನೀರು ಹಾಕುತ್ತೇವೆ, ನಡುವಿನ ಚೀಲಕ್ಕೆ ಉಸಿರೇ ಸಿಗುವುದಿಲ್ಲ. ಹೊಸ ಗಿಡ ತಂದವರು ಮೊದಲ ಸಲ ಕುಂಡ ಬದಲಿಸುವಾಗ ಇಂಥ ಚೀಲ ಇದೆಯೇ ಅಂತ ಖಂಡಿತ ಹುಡುಕಿ.

ಸಣ್ಣ ಕತ್ತರಿಯಿಂದ ಬಲೆಯನ್ನು ಮೇಲಿಂದ ಕೆಳಕ್ಕೆ ಸೀಳಿ ತುಂಡು ತುಂಡಾಗಿ ತೆಗೆದೆ. ಬೇರು ಬಲೆಯೊಳಗೆ ಹೆಣೆದುಕೊಂಡಿದ್ದ ಕಡೆ ಎಳೆಯಲಿಲ್ಲ. ಅಲ್ಲಿನ ಚೂರುಗಳನ್ನು ಹಾಗೇ ಬಿಟ್ಟೆ.

ಹಂತ 3: ಬೇರು ತೊಳೆದು ಕತ್ತರಿಸಿದ್ದು

ಒಂದು ಬೋಗುಣಿಯಲ್ಲಿ ಕೋಣೆಯಷ್ಟೇ ಬೆಚ್ಚಗಿರುವ ನೀರು. ಬೇರು ಮುಳುಗಿಸಿ ನಿಧಾನ ಅಲ್ಲಾಡಿಸಿದರೆ ಮಣ್ಣು ತಾನೇ ಬಿಡುತ್ತದೆ.

ಒಳ್ಳೆ ಬೇರು ಬಿಳಿ ಅಥವಾ ತಿಳಿ ಕೆನೆಬಣ್ಣ, ಒತ್ತಿದರೆ ಗಟ್ಟಿ. ಕೊಳೆತದ್ದು ಕಂದು. ಅನುಮಾನ ಇದ್ದರೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ಕೊಳೆತಿದ್ದರೆ ಹೊರಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ತೆಳು ಎಳೆ ಮಾತ್ರ ಉಳಿಯುತ್ತದೆ. ಬಣ್ಣಕ್ಕಿಂತ ಈ ಪರೀಕ್ಷೆ ನಂಬಿಕೆಯದು, ಯಾಕೆಂದರೆ ಗೊಬ್ಬರ ಮಣ್ಣಿನ ಕಲೆ ಹತ್ತಿ ಒಳ್ಳೆ ಬೇರೂ ಕಂದಾಗಿ ಕಾಣಬಹುದು. ಬೇರಿನ ನಡುನಡುವೆ ಪುಟ್ಟ ಗೆಡ್ಡೆಯಂಥ ಉಬ್ಬುಗಳು ಸಿಕ್ಕರೆ ರೋಗ ಅಂದುಕೊಂಡು ಕತ್ತರಿಸಬೇಡಿ. ಗೆಡ್ಡೆಯಿಂದ ಹಿಟ್ಟು ತೆಗೆಯುವ ಆರಾರೂಟ್ ಗಿಡ ಇದರ ನೆಂಟ. ಗಟ್ಟಿ ಇದ್ದರೆ ಅವು ಗಿಡ ಕೂಡಿಟ್ಟುಕೊಂಡ ಆಹಾರ, ಬಿಡಿ.

ಕತ್ತರಿಯನ್ನು 70% ಸ್ಪಿರಿಟ್‌ನಲ್ಲಿ ಒರೆಸಿಕೊಂಡು, ಕೊಳೆತ ಭಾಗಕ್ಕಿಂತ ಒಂದಿಷ್ಟು ಮೇಲೆ, ಬೆಳ್ಳಗಿರುವ ಕಡೆ ಕತ್ತರಿಸಿದೆ. ಪ್ರತಿ ನಾಲ್ಕಾರು ಕತ್ತರಿಕೆಗೆ ಮತ್ತೆ ಒರೆಸಿದೆ. ಅರ್ಧಕ್ಕಿಂತ ಜಾಸ್ತಿ ಬೇರು ಹೋಯಿತು. ಕೊಳೆ ಸಾಯಲಿ ಅಂತ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ ಅನ್ನುವವರಿದ್ದಾರೆ. ನಾನು ಹಾಕಲಿಲ್ಲ. ಕೊಳೆತದ್ದನ್ನು ನಿಷ್ಠುರವಾಗಿ ಕತ್ತರಿಸಿ, ಗಾಳಿಯಾಡುವ ಮಣ್ಣಿಗೆ ಹಾಕಿದರೆ ಮಿಕ್ಕಿದ್ದನ್ನು ಗಿಡವೇ ನೋಡಿಕೊಳ್ಳುತ್ತದೆ.

ಮೇಲೆ ಅರ್ಧಕ್ಕಿಂತ ಹೆಚ್ಚು ಹಳದಿಯಾದ ಎಲೆಗಳನ್ನು ಬುಡದಿಂದ ತೆಗೆದೆ. ತುದಿ ಮಾತ್ರ ಕಂದಾದವನ್ನು ಉಳಿಸಿಕೊಂಡೆ, ಆಹಾರ ತಯಾರಿಸಲು ಎಲೆ ಬೇಕಲ್ಲ. ಉದ್ದಕ್ಕೆ ಬೆಳೆದು ಜೋತಿದ್ದ ಎರಡು ಕಾಂಡಗಳನ್ನು ಬೇರೆ ಮಾಡಿದೆ. ಅವುಗಳ ವಿಷಯ ಹಂತ 7ರಲ್ಲಿ.

ಹಂತ 4: ಮಣ್ಣು ಮತ್ತು ಕುಂಡ

ಅಳತೆ ಗಾತ್ರದ ಲೆಕ್ಕದಲ್ಲಿ, ಒಂದೇ ಲೋಟದಿಂದ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) 4, ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) 3, ಸಣ್ಣ ಪೈನ್ ತೊಗಟೆ ಚೂರು 2, ಜರಡಿ ಹಿಡಿದ ಎರೆಗೊಬ್ಬರ 1.

ಕೋಕೋಪೀಟನ್ನು ಹಾಗೇ ಬಳಸಬೇಡಿ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸೇರಿರುತ್ತವೆ, ಮರಾಂಟಾಕ್ಕೆ ಉಪ್ಪು ಆಗುವುದೇ ಇಲ್ಲ. ನೆನೆಸಿ, ಹಿಂಡಿ, ಮತ್ತೆ ನೆನೆಸಿ. ಹಿಂಡಿದ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡುತ್ತಾ ಹೋದೆ. ಅಂಕಿ, ತೊಳೆಯುವ ನೀರಿನ ಅಂಕಿಯ ಹತ್ತಿರಕ್ಕೆ ಇಳಿಯುವವರೆಗೂ ಬಿಡಲಿಲ್ಲ. ಮೀಟರ್ ಇಲ್ಲದಿದ್ದರೆ ಚಹಾ ಬಣ್ಣ ಹೋಗಿ ತಿಳಿಯಾಗುವವರೆಗೆ ತೊಳೆಯಿರಿ. ಪರ್ಲೈಟನ್ನು ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ ಆಮೇಲೆ ಕಲೆಸಿ. ಅದರ ಪುಡಿ ಉಸಿರಿನೊಳಗೆ ಹೋಗಬಾರದು.

ಕುಂಡ: ಅಗಲ 12 ಸೆಂ.ಮೀ., ಆಳ 9 ಸೆಂ.ಮೀ., ಪ್ಲಾಸ್ಟಿಕ್, ತಳದಲ್ಲಿ ತುಂಬ ತೂತು. ಹಳೆಯದಕ್ಕಿಂತ ಚಿಕ್ಕದು. ಬೇರು ಕಮ್ಮಿಯಾದ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಆ ಮಣ್ಣಿನ ನೀರನ್ನೆಲ್ಲ ಕುಡಿಯುವವರು ಯಾರು? ಮತ್ತೆ ಅದೇ ಕೊಳೆ. ಬ್ರೆಜಿಲ್‌ನ ಮಳೆಕಾಡಿನಲ್ಲಿ ಇದು ಮರಗಳ ಕೆಳಗೆ ನೆಲದ ಮೇಲೆ ಹಬ್ಬುವ ಗಿಡ. ಬೇರು ಆಳಕ್ಕೆ ಹೋಗುವುದಿಲ್ಲ, ಆಚೀಚೆ ಹರಡುತ್ತದೆ. ಅದಕ್ಕೇ ಆಳಕ್ಕಿಂತ ಅಗಲ ಮುಖ್ಯ. ಮಣ್ಣಿನ ಕುಂಡ ಚೆಂದ ನಿಜ. ಆದರೆ ಬದಿಯಿಂದ ಬೇಗ ಒಣಗುತ್ತದೆ, ಗೋಡೆಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಈ ಗಿಡಕ್ಕೆ ಪ್ಲಾಸ್ಟಿಕ್ಕೇ ಒಳ್ಳೆಯದು ಅಂತ ನನ್ನ ತೀರ್ಮಾನ. ತಳಕ್ಕೆ ಜಲ್ಲಿ ಇಲ್ಲ, ಏನೂ ಇಲ್ಲ.

ನೆಟ್ಟ ಮೇಲೆ ಮಣ್ಣನ್ನು ಒತ್ತಲಿಲ್ಲ. ಕುಂಡವನ್ನು ಮೇಜಿಗೆ ಎರಡು ಸಲ ತಟ್ಟಿದೆ, ಅಷ್ಟೇ.

ಹಂತ 5: ನೀರು

ಈ ಗಿಡದ ಮುಕ್ಕಾಲು ತಂಟೆ ನೀರಿನದೇ. ಎಷ್ಟು ಅನ್ನುವುದು ಒಂದು, ಎಂಥದು ಅನ್ನುವುದು ಇನ್ನೊಂದು.

ಎಷ್ಟು ಅನ್ನುವುದಕ್ಕೆ ಬೆರಳನ್ನು ಬಿಟ್ಟು ತಕ್ಕಡಿ ಹಿಡಿದೆ. ಪೂರ್ತಿ ನೀರು ಕೊಟ್ಟು ಬಸಿದ ಮೇಲೆ ಕುಂಡದ ತೂಕ 490 ಗ್ರಾಂ. ಮೇಲಿನ 2 ಸೆಂ.ಮೀ. ಒಣಗಿ, ಕೆಳಗೆ ಇನ್ನೂ ತೇವ ಇರುವಾಗ 380 ಗ್ರಾಂ. ಹಾಗಾಗಿ 380ಕ್ಕೆ ಬಂದಾಗ ಮಾತ್ರ ನೀರು. ಬೇರು ಕಮ್ಮಿ ಇದ್ದಾಗ ಅಲ್ಲಿಗೆ ಇಳಿಯಲು ವಾರದ ಮೇಲೆ ಹಿಡಿಯುತ್ತಿತ್ತು. ಈಗ ಅದರ ಅರ್ಧ ಸಾಕು. ಬೇರು ಬೆಳೆಯುತ್ತಿದೆ ಅಂತ ಮಣ್ಣು ಕೆದಕದೆ ತಿಳಿದದ್ದು ಹೀಗೆ. ‘ವಾರಕ್ಕೆರಡು ಸಲ ನೀರು’ ಎಂಬ ಲೆಕ್ಕ ಈ ಗಿಡಕ್ಕೆ ನಡೆಯುವುದಿಲ್ಲ.

ಇನ್ನು ಎಂಥ ನೀರು. ಎಲೆಯ ತುದಿ ಒಣಗಿ ಕಂದಾಗಿ, ಅದರ ಒಳಗಡೆ ತೆಳು ಹಳದಿ ಗೆರೆ ಕಂಡರೆ ಗಾಳಿ ಒಣಗಿರುವುದಷ್ಟೇ ಕಾರಣ ಅಂದುಕೊಳ್ಳಬೇಡಿ. ನೀರಿನ ಲವಣ, ಅದರಲ್ಲೂ ಫ್ಲೋರೈಡ್ ಇರಬಹುದು. ಗಿಡ ನೀರನ್ನು ಎಲೆಯಿಂದ ಆವಿಯಾಗಿ ಬಿಡುತ್ತದೆ, ಅದರಲ್ಲಿ ಕರಗಿದ್ದು ತುದಿ ಮತ್ತು ಅಂಚಿನಲ್ಲಿ ಉಳಿದು ಸೇರುತ್ತಾ ಹೋಗುತ್ತದೆ. ಅಲ್ಲಿಂದಲೇ ಸುಡಲು ಶುರು.

ನಲ್ಲಿ ನೀರನ್ನು ರಾತ್ರಿಯಿಡೀ ಬಾಯಿ ತೆರೆದ ಪಾತ್ರೆಯಲ್ಲಿ ಇಟ್ಟು ಬಳಸುವುದನ್ನು ಬಹಳ ಜನ ಹೇಳುತ್ತಾರೆ. ಕ್ಲೋರಿನ್ ಮಾತ್ರ ಇದ್ದರೆ ಅದು ಹಾರಿಹೋಗುತ್ತದೆ, ಸರಿ. ಕ್ಲೋರಿನ್‌ಗೆ ಅಮೋನಿಯಾ ಸೇರಿದ ಕ್ಲೋರಮೀನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಫ್ಲೋರೈಡ್ ಅಂತೂ ಎಷ್ಟು ಹೊತ್ತು ಇಟ್ಟರೂ ಅಲ್ಲೇ. ಕುದಿಸಿದರೆ ಇನ್ನೂ ಕೆಟ್ಟದು, ನೀರು ಆವಿಯಾಗಿ ಫ್ಲೋರೈಡ್ ಗಾಢವಾಗುತ್ತದೆ. ಉಪ್ಪು ಹಾಕಿ ಮೆದು ಮಾಡುವ ಯಂತ್ರದ ನೀರು ಬೇಡವೇ ಬೇಡ, ಅದರಲ್ಲಿ ಸೋಡಿಯಂ ತುಂಬಿರುತ್ತದೆ. ಸರಿಹೋಗುವುದು ಮಳೆನೀರು ಅಥವಾ ಆರ್‌ಓ ನೀರು. ನಾನು ಸಿಕ್ಕಾಗ ಮಳೆನೀರು, ಇಲ್ಲದಾಗ ಆರ್‌ಓ ಹಾಕುತ್ತಿದ್ದೇನೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಸೇರಿರುತ್ತದೆ, ಅದನ್ನು ಈ ಕುಂಡದ ಹತ್ತಿರಕ್ಕೂ ತರಬೇಡಿ.

ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡು ಪಟ್ಟು ನೀರನ್ನು ಮೇಲಿನಿಂದ ನಿಧಾನಕ್ಕೆ ಹರಿಸಿ, ಪೂರ್ತಿ ಬಸಿದು ಹೋಗಲು ಬಿಡುತ್ತೇನೆ. ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸುವವರಿಗೆ ಇದು ಇನ್ನೂ ಮುಖ್ಯ. ಹಾಗೆ ಕುಡಿಸಿದಾಗ ಉಪ್ಪು ಹೊರಗೆ ಹೋಗುವ ದಾರಿಯೇ ಇರುವುದಿಲ್ಲ.

ಒಮ್ಮೆ ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ. ನೀರು ಸರಿಹೋಯಿತೋ ಇಲ್ಲವೋ ಎಂಬುದನ್ನು ಹೊಸ ಎಲೆಗಳಲ್ಲಿ ಮಾತ್ರ ನೋಡಬೇಕು.

ಹಂತ 6: ತೇವದ ಡಬ್ಬಿ

ಬೇರು ಕಳೆದುಕೊಂಡ ಗಿಡ ಎಲೆಯಿಂದ ನೀರು ಬಿಡುವುದನ್ನು ಕಮ್ಮಿ ಮಾಡಬೇಕು. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಕೋಣೆಯಲ್ಲಿ 40% ಸುತ್ತಮುತ್ತ ತೋರಿಸುತ್ತಿತ್ತು. ಮರಾಂಟಾಕ್ಕೆ 60% ಇದ್ದರೆ ನೆಮ್ಮದಿ.

ಮೊದಲು ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ಬಾಯಿ ಕಟ್ಟಿದೆ. ಕೈಕೊಟ್ಟಿತು. ಒಳಗೆ ಗಾಳಿ ಆಡದೆ, ಚೀಲ ಎಲೆಗೆ ತಾಗಿದ ಕಡೆ ನೀರು ನಿಂತು ಕಪ್ಪು ಮಚ್ಚೆ ಬಂತು. ಮಣ್ಣಿನ ಮೇಲೆ ಬಿಳಿ ಬೂಷ್ಟು. ಆ ಎಲೆಗಳನ್ನು ತೆಗೆಯಬೇಕಾಯಿತು. ನೀರು ಸಿಂಪಡಿಸುವುದನ್ನೂ ಮೀಟರ್ ಪಕ್ಕದಲ್ಲಿಟ್ಟು ನೋಡಿದೆ. ಅಂಕಿ ಏರುತ್ತದೆ, ಸ್ವಲ್ಪ ಹೊತ್ತಿಗೇ ಮತ್ತೆ ಇದ್ದಲ್ಲಿಗೆ. ಅದಕ್ಕೆ ಸಮಯ ಹಾಕುವುದು ದಂಡ. ಕುಂಡದ ಕೆಳಗೆ ಬೆಣಚುಕಲ್ಲು, ನೀರಿನ ತಟ್ಟೆ ಇಟ್ಟರೂ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ.

ನಡೆದದ್ದು ಇದು: ಬಟ್ಟೆ ಇಡುವಂಥ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, 40 ಲೀಟರಿನದು. ಮುಚ್ಚಳ ನೆಲಕ್ಕೆ, ಅದರ ಮೇಲೆ ಕುಂಡ, ಮೇಲೆ ಡಬ್ಬಿ ಬೋರಲು. ಎಲೆ ಎಲ್ಲೂ ತಾಗುವುದಿಲ್ಲ. ಒಳಗೆ 75ರಿಂದ 80%. ಬೆಳಗ್ಗೆ ಸಂಜೆ ಹತ್ತು ಹದಿನೈದು ನಿಮಿಷ ಎತ್ತಿಟ್ಟು ಗಾಳಿ ಆಡಿಸಿದೆ. ಹೊಸ ಸುಳಿ ಕಂಡ ಮೇಲೆ ಒಂದು ಅಂಚಿಗೆ 2 ಸೆಂ.ಮೀ. ಮರದ ತುಂಡು ಕೊಟ್ಟೆ, ಆಮೇಲೆ 5 ಸೆಂ.ಮೀ., ಆಮೇಲೆ ಹಗಲೆಲ್ಲ ತೆಗೆದಿಟ್ಟೆ. ಒಮ್ಮೆಗೇ ಹೊರಗೆ ತಂದರೆ ತೇವದಲ್ಲಿ ಬೆಳೆದ ಹೊಸ ಎಲೆ ಸುರುಟಿಕೊಳ್ಳುತ್ತದೆ. ಒಣಗಾಳಿಯಲ್ಲಿ ಇನ್ನೊಂದು ತೊಂದರೆಯೂ ಇದೆ. ಸುಳಿ ಬಿಚ್ಚಿಕೊಳ್ಳಲಾಗದೆ ಅಂಟಿಕೊಂಡು ಬಿಡುತ್ತದೆ. ಕೈಯಿಂದ ಬಿಡಿಸಲು ಹೋದರೆ ಹರಿಯುತ್ತದೆ. ಡಬ್ಬಿ ಮುಚ್ಚಿಡಿ, ತಾನೇ ಬಿಚ್ಚಿಕೊಳ್ಳುತ್ತದೆ.

ಡಬ್ಬಿಯ ಮೇಲೆ ನೇರ ಬಿಸಿಲು ಬೀಳಲೇಬಾರದು, ಒಳಗೆ ಬೇಯುತ್ತದೆ. ಕಿಟಕಿಯಿಂದ ಒಂದೂವರೆ ಮೀಟರ್ ಒಳಗೆ ಇಟ್ಟು, 40 ಸೆಂ.ಮೀ. ಮೇಲೆ ಬಿಳಿ ಎಲ್‌ಇಡಿ ದೀಪ ಹಾಕಿದೆ. ಟೈಮರ್‌ನಲ್ಲಿ 12 ಗಂಟೆ, ಸಂಜೆ 7ಕ್ಕೆ ಬಂದ್. ದೀಪ ತಡವಾಗಿ ಆರಿದ ದಿನ ಎಲೆಯೂ ತಡವಾಗಿ ಏಳುತ್ತದೆ, ಸ್ಕೇಲಿನ ಅಳತೆ ಕೆಡುತ್ತದೆ. ಅದಕ್ಕೇ ಟೈಮರ್. ಕೋಣೆಯ ಬಿಸಿ 18ರಿಂದ 27 ಡಿಗ್ರಿ ಒಳಗಿದ್ದರೆ ಸಾಕು. 15ಕ್ಕಿಂತ ಇಳಿದರೆ ಗಿಡ ಮುದುಡುತ್ತದೆ.

ಹಂತ 7: ಕಾಂಡದ ತುಂಡುಗಳು

ತೆಗೆದಿಟ್ಟ ಕಾಂಡಗಳನ್ನು ಗೆಣ್ಣಿನ 1 ಸೆಂ.ಮೀ. ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗೆಣ್ಣು ಮುಳುಗುವಷ್ಟು ನೀರಲ್ಲಿ ನಿಲ್ಲಿಸಿದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲು. ಮೂರನೇ ವಾರದ ಹೊತ್ತಿಗೆ ಗೆಣ್ಣಿನಿಂದ ಬಿಳಿ ಮೊಳಕೆ. ಗೆಣ್ಣಿಲ್ಲದ ಬರೀ ಎಲೆ, ತೊಟ್ಟು ಇಟ್ಟದ್ದೂ ಇತ್ತು. ತಿಂಗಳು ಹಸಿರಾಗಿಯೇ ನಿಂತು ಆಮೇಲೆ ಕೊಳೆಯಿತು. ಬೇರು, ಕುಡಿ ಎರಡೂ ಹೊರಡುವುದು ಗೆಣ್ಣಿನಿಂದ ಮಾತ್ರ.

ಹಂತ 8: ನಡುವೆ ಬಂದ ನುಸಿ

ಡಬ್ಬಿ ತೆಗೆದ ಹೊಸದರಲ್ಲಿ ಎಲೆಯ ಮೇಲೆ ಸೂಜಿಮೊನೆಯಷ್ಟು ತಿಳಿ ಚುಕ್ಕೆಗಳು ಕಂಡವು. ಎಲೆಯಡಿ ಬಿಳಿ ಕಾಗದ ಹಿಡಿದು ತಟ್ಟಿದೆ. ಬಿದ್ದ ಧೂಳಿನಲ್ಲಿ ಕೆಲವು ಕಣ ನಡೆಯತೊಡಗಿದವು. ಜೇಡ ನುಸಿ. ಅರ್ಧ ಮಿ.ಮೀ. ಕೂಡ ಇಲ್ಲ, ಎಲೆಯಡಿ ನರದ ಪಕ್ಕ ಕೂತು ರಸ ಹೀರುತ್ತದೆ. ಒಣಗಾಳಿ, ಬಿಸಿ ಇದ್ದರೆ ಅದಕ್ಕೆ ಹಬ್ಬ.

ಒಂದು ಲೀಟರ್ ನೀರಿಗೆ 5 ಮಿ.ಲೀ. ಘಾಟಿಲ್ಲದ ದ್ರವ ಸೋಪು. ಮೆತ್ತನೆ ಬಟ್ಟೆ ಅದ್ದಿ, ಎಲೆಯಡಿ ಅಂಗೈ ಕೊಟ್ಟು, ಎರಡೂ ಬದಿ ಒರೆಸಿದೆ. ಹತ್ತು ನಿಮಿಷದ ಮೇಲೆ ಬರೀ ನೀರಲ್ಲಿ ತೊಳೆದೆ. ಬೇವಿನ ಎಣ್ಣೆಯನ್ನು ಒಂದು ಎಲೆಗೆ ಹಚ್ಚಿ ನೋಡಿದ್ದೆ. ಆ ಎಲೆಯ ವೆಲ್ವೆಟ್ ಹೊಳಪು ಹೋಗಿ ಜಿಡ್ಡಿನ ಕಲೆ ಉಳಿಯಿತು. ಹಾಗಾಗಿ ಸೋಪಿನಲ್ಲೇ ಮುಗಿಸಿದೆ. ಸೋಪಿಗೆ ಮೊಟ್ಟೆ ಸಾಯುವುದಿಲ್ಲ. ಬೆಚ್ಚಗಿದ್ದರೆ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ಐದು ದಿನಕ್ಕೊಮ್ಮೆ ಮತ್ತೆ ಒರೆಸಬೇಕು, ಕಾಗದದ ಮೇಲೆ ಏನೂ ಬೀಳದಿದ್ದರೂ ಇನ್ನೊಂದು ಸಲ.

ಹಂತ 9: ಈಗಿನ ಲೆಕ್ಕ

ದಾರ ಕಟ್ಟಿದ ಎಲೆಯ ತುದಿ ಈಗ ರಾತ್ರಿಗೆ 8 ಸೆಂ.ಮೀ. ಏಳುತ್ತಿದೆ. ಚಲನೆ ಸುಧಾರಿಸಿದ್ದು ಮೊದಲು, ಹೊಸ ಸುಳಿ ಕಂಡದ್ದು ಅದಾದ ಮೇಲೆ. ಎಲೆ 3 ಸೆಂ.ಮೀ.ನಿಂದ 5ಕ್ಕೆ ಬಂದಾಗ ಬಣ್ಣದಲ್ಲಿ ಒಂಚೂರೂ ವ್ಯತ್ಯಾಸ ಇರಲಿಲ್ಲ. ಗಿಡ ಉಳಿಯುತ್ತದೆ ಅಂತ ನನಗೆ ಆಗಲೇ ಧೈರ್ಯ ಬಂದದ್ದು.

ಖರ್ಚಿನಲ್ಲಿ ದೀಪ, ಟೈಮರ್ ದೊಡ್ಡವು. ಆದರೆ ಬೆಳಕಿರುವ ಕಿಟಕಿ ಇದ್ದವರಿಗೆ ಅವು ಬೇಡ. ತಕ್ಕಡಿ, ಹೈಗ್ರೋಮೀಟರ್ ಎರಡೂ ಕೊಟ್ಟ ಹಣಕ್ಕೆ ಪೂರಾ ಕೆಲಸ ಮಾಡಿದವು. ಹೊಳಪಿನ ಸ್ಪ್ರೇ, ಬೇರಿನ ಟಾನಿಕ್ ಇವ್ಯಾವುದನ್ನೂ ಸುಮ್ನೆ ಕೊಳ್ಳಬೇಡಿ.

ಮಣ್ಣಿಗೆ ಕಲೆಸಿದ ಎರೆಗೊಬ್ಬರ ಬಿಟ್ಟರೆ ಬೇರೆ ಗೊಬ್ಬರ ಇಷ್ಟು ದಿನ ಕೊಟ್ಟಿರಲಿಲ್ಲ, ಗಾಯದ ಬೇರಿಗೆ ಅದು ಉರಿ. ಈಗ ದ್ರವ ಗೊಬ್ಬರವನ್ನು ಅದರ ಲೇಬಲ್ಲಿನಲ್ಲಿ ಬರೆದ ಪ್ರಮಾಣದ ಕಾಲು ಭಾಗಕ್ಕೆ ತೆಳು ಮಾಡಿ, ತಿಂಗಳಿಗೊಮ್ಮೆ ಶುರು ಮಾಡಿದ್ದೇನೆ.

ನೀರಲ್ಲಿರುವ ತುಂಡುಗಳ ಬೇರು 4 ಸೆಂ.ಮೀ. ದಾಟಿದೆ. ಇನ್ನೂ ಉದ್ದ ಬಿಟ್ಟರೆ ಮಣ್ಣಿಗೆ ಹೊಂದಿಕೊಳ್ಳುವುದು ಕಷ್ಟ. ತಾಯಿಗಿಡದ ಕುಂಡದ ಅಂಚಿನಲ್ಲಿ ಖಾಲಿ ಜಾಗ ಇದೆ, ಅಲ್ಲೇ ನೆಡುವುದು ಅಂತ ಇದ್ದೇನೆ. ಕುಂಡ 380 ಗ್ರಾಂಗೆ ಇಳಿದ ದಿನ ನೆಟ್ಟು, ಆ ದಿನವೇ ನೀರು ಕೊಟ್ಟು, ಒಂದು ವಾರ ಡಬ್ಬಿ ಮತ್ತೆ ಬೋರಲು.